ಪಕ್ಕದ ಸೀಟಿನಲ್ಲಿ ಕೂತು ಕಾರು ಓಡಿಸಿದವನಿಗೆ ವಿಚಾರಣೆಗೆ ಒಂದು ಅವಕಾಶ ಕೊಡಿ

ಮಾನ್ಯ ಪರವಾನಗಿ ಅಧಿಕಾರಿಗಳೇ,

ಕುಡಿದು ಕಾರು ಓಡಿಸಿದೆನೆಂದು ನೀವು ನನ್ನ ಚಾಲನಾ ಪರವಾನಗಿಯನ್ನು ಅಮಾನತು ಮಾಡಿದ್ದೀರಿ. ಕುಡಿದದ್ದು ನಿಜ. ಕಾರಿನಲ್ಲಿ ಕೂತಿದ್ದದ್ದೂ ನಿಜ. ಓಡಿಸಿದ್ದು ನನ್ನ ಹೆಂಡತಿ. ಇಷ್ಟನ್ನು ನಿಮ್ಮೆದುರು ನಿಂತು ಹೇಳಲು ಒಂದು ವಿಚಾರಣೆ ನಡೆಸಿ ಎಂದು ಅರ್ಜಿ ಹಾಕಿದರೆ, "ಆದೇಶವು ಸ್ವಯಂಸ್ಪಷ್ಟವಾಗಿರುವುದರಿಂದ ವಿಚಾರಣೆಯ ಅಗತ್ಯ ಕಂಡುಬರುವುದಿಲ್ಲ" ಎಂದು ಒಂದೇ ಸಾಲಿನ ಉತ್ತರ ಕಳಿಸಿದಿರಿ. ಕಣ್ಣು ಮುಚ್ಚಿಕೊಂಡು ಕೂತವರಿಗೆ ಏನು ತಾನೇ ಕಂಡುಬರುತ್ತದೆ? ಅದಕ್ಕೇ ಈ ಪತ್ರವನ್ನು ನಿಮ್ಮ ಮೇಜಿಗೆ ಕಳಿಸದೆ ಪತ್ರಿಕೆಗೆ ಕಳಿಸುತ್ತಿದ್ದೇನೆ. ಊರೆಲ್ಲ ಓದಲಿ. ನನ್ನ ಮರ್ಯಾದೆ ಹೇಗೂ ಹೋಗಿದೆ, ಅದಕ್ಕೊಂದು ಜೊತೆ ಬೇಕು.

ನಾನು ಡ್ರೈವಿಂಗ್ ಶಾಲೆಯ ಮೇಷ್ಟ್ರು ಎಂಬುದು ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ. ನನ್ನ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇವೆ. ಕಲಿಯುವವರು ಗಾಬರಿಯಾಗಿ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದಾಗ ದಾರಿಹೋಕರು ಬದುಕಿಕೊಳ್ಳುವುದು ಆ ಬ್ರೇಕಿನಿಂದ. ಜೀವಮಾನವೆಲ್ಲ ಇದೇ ಕೆಲಸ ಮಾಡಿ ನನ್ನ ಬಲಗಾಲು ಈಗ ನನ್ನ ಮಾತನ್ನೇ ಕೇಳುವುದಿಲ್ಲ. ಬಸ್ಸಿನಲ್ಲಿ ಕೂತರೂ ಒತ್ತುತ್ತದೆ. ಸಿನಿಮಾದ ಪರದೆಯ ಮೇಲೆ ಕಾರು ಜೋರಾಗಿ ಬಂದರೂ ಒತ್ತುತ್ತದೆ. ಮುಂದಿನ ಸಾಲಿನವರು ತಿರುಗಿ ಬೈದದ್ದುಂಟು.

ಆ ದಿನ ಮಧ್ಯಾಹ್ನ ಭಾವಮೈದುನ ನಿವೃತ್ತನಾದ ಖುಷಿಗೆ ಊಟ ಹಾಕಿಸಿದ್ದ. ಎರಡು ಗ್ಲಾಸು ಕುಡಿದೆ, ಮೂರನೆಯದನ್ನು ಅವನು ಸುರಿದಾಗ ಬೇಡವೆನ್ನಲಿಲ್ಲ. ಹೊರಡುವಾಗ, ನಿಮ್ಮ ಇಲಾಖೆ ಗೋಡೆಗೋಡೆಗೂ ಅಂಟಿಸಿರುವ ಉಪದೇಶವನ್ನು ಚಾಚೂ ತಪ್ಪದೆ ಪಾಲಿಸಿ ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ನಯವಾಗಿ ಓಡಿಸಿಕೊಂಡು ಬಂದಳು. ಮಾರುಕಟ್ಟೆಯ ತಿರುವು ದಾಟಿದ ಕೂಡಲೇ ರಸ್ತೆಗೆ ಅಡ್ಡಲಾಗಿ ಪೊಲೀಸರ ಕಬ್ಬಿಣದ ತಡೆ. ಅವಳು ಬ್ರೇಕ್ ಒತ್ತಿದಳು. ನನ್ನ ಕಾಲೂ ಒತ್ತಿತು. ಕಾರು ಮುಗ್ಗರಿಸಿ ನಿಂತಿತು, ಹಿಂದಿನ ಸೀಟಿನಲ್ಲಿದ್ದ ಊಟದ ಡಬ್ಬಿ ಉರುಳಿ ಬಿತ್ತು.

"ನಾನು ಒತ್ತಿದ್ನಲ್ಲ, ನೀವ್ಯಾಕೆ ಒತ್ತಿದ್ರಿ?" ಎಂದು ಶುರುಮಾಡಿದಳು.

"ಅಭ್ಯಾಸ ಕಣೇ."

"ಎಂಥ ಅಭ್ಯಾಸ? ನನ್ನ ಮೇಲೆ ನಂಬಿಕೆ ಇಲ್ಲ ಅನ್ನಿ. ಬ್ರೇಕ್ ನೀವೇ ಹಾಕೋದಾದ್ರೆ ಗಾಡೀನೂ ನೀವೇ ಓಡಿಸಿ! ನಾನ್ಯಾಕೆ ಇಲ್ಲಿ ಬೊಂಬೆ ಥರ ಕೂತಿರ್ಬೇಕು?"

ಕಿಟಕಿಯ ಹತ್ತಿರ ಬಂದಿದ್ದ ಪೊಲೀಸಿನವನು ಇದನ್ನೆಲ್ಲ ಕೇಳಿಸಿಕೊಂಡ. ಬಗ್ಗಿ ನನ್ನ ಕಾಲ ಬುಡವನ್ನು ನೋಡಿದ. "ಬ್ರೇಕ್ ಹಾಕಿದ್ದು ಯಾರಮ್ಮ?" ಎಂದ. ಸಿಟ್ಟು ಇನ್ನೂ ಇಳಿಯದ ನನ್ನ ಹೆಂಡತಿ "ಇನ್ಯಾರು, ಇವರೇ!" ಎಂದಳು. ಅಲ್ಲಿಗೆ ಮುಗಿಯಿತು. ನನ್ನ ಬಾಯಿಗೆ ಯಂತ್ರ ಹಿಡಿದು ಊದಿಸಿದರು, ಠಾಣೆಗೆ ಕರೆದೊಯ್ದರು. ಹೆಂಡತಿ ಗಂಡನನ್ನು ಬೈದದ್ದೆಲ್ಲ ಸಾಕ್ಷ್ಯವಾಗುವುದಾದರೆ ಈ ಊರಿನಲ್ಲಿ ಯಾವ ಗಂಡ ಜೈಲಿನ ಹೊರಗಿರುತ್ತಾನೆ, ಮಾನ್ಯರೇ? ನೀವು ಇರುತ್ತೀರಾ?

ಪೊಲೀಸಿನವನಿಗೆ ಅವಸರವಿತ್ತು, ಬಿಡಿ. ನಿಮಗೇನಾಗಿತ್ತು? ಅವನು ಗೀಚಿದ್ದನ್ನೇ ಚೆಂದದ ಭಾಷೆಯಲ್ಲಿ ಬರೆದು ಕೆಳಗೆ ಸಹಿ ಹಾಕಿದಿರಿ. "ಬ್ರೇಕನ್ನು ಒತ್ತಿದ ವ್ಯಕ್ತಿಯೇ ವಾಹನದ ನಿಯಂತ್ರಣ ಹೊಂದಿದ್ದನೆಂದು, ಆದ್ದರಿಂದ ಅವನೇ ಚಾಲಕನೆಂದು ಪರಿಗಣಿಸತಕ್ಕದ್ದು." ಈ ವಾಕ್ಯವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಇನ್ನು ಸ್ಟಿಯರಿಂಗ್ ಹಿಡಿದಿದ್ದ ನನ್ನ ಹೆಂಡತಿ ನಿಮ್ಮ ಆದೇಶದಲ್ಲಿ "ಜೊತೆಯಲ್ಲಿದ್ದ ಮಹಿಳೆ" ಆಗಿದ್ದಾಳೆ.

ಆ ಜೊತೆಯಲ್ಲಿದ್ದ ಮಹಿಳೆ ಯಾರು ಗೊತ್ತೇ? ತನ್ನ ಚಾಲನಾ ಪರೀಕ್ಷೆಯ ದಿನ ಕಾರು ಹತ್ತುವ ಮೊದಲೇ ನನಗೆ ತಾಕೀತು ಮಾಡಿದವಳು. "ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೊಳ್ಳಿ. ನಿಮ್ಮ ಕಾಲೇನಾದ್ರೂ ಕೆಳಗೆ ಬಂತೋ, ಇವತ್ತು ರಾತ್ರಿ ಊಟ ಇಲ್ಲ." ನಾನು ಹಾಗೇ ಕೂತೆ. ನನ್ನ ಕೈಯಲ್ಲಿ ಕಲಿತವರಲ್ಲಿ ಸಂಪೂರ್ಣ ಸ್ವಂತ ಕಾಲಿನಿಂದ ಪಾಸಾದವಳು ಅವಳೊಬ್ಬಳೇ. ನಿಮ್ಮ ಆದೇಶ ಬಂದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಅದನ್ನು ಓದಿದಳು. "ಹಾಗಾದ್ರೆ ಸ್ಟಿಯರಿಂಗ್ ಹಿಡ್ಕೊಂಡಿದ್ದೋಳು ಯಾರು, ನನ್ನ ದೆವ್ವಾನಾ?" ಎಂದಳು. ಆಮೇಲೆ ಮೆಲ್ಲಗೆ, "ನನ್ನ ಹಾಳು ಬಾಯಿಂದ ನಿಮ್ಮ ಅನ್ನ ಹೋಯ್ತು" ಎಂದಳು. ಅಂದಿನಿಂದ ಕಾರಿನ ಕೀಲಿ ಮುಟ್ಟಿಲ್ಲ, ನನ್ನನ್ನು ಮನಸ್ಸು ಬಿಚ್ಚಿ ಬೈದೂ ಇಲ್ಲ. ಶಾಲೆಗೆ ಬೀಗ ಬಿದ್ದಿದೆ. ನನ್ನ ಶಿಷ್ಯರೆಲ್ಲ ಎದುರು ರಸ್ತೆಯ ಶಾಲೆಗೆ ಹೋಗಿದ್ದಾರೆ, ಅಲ್ಲಿನ ಮೇಷ್ಟ್ರು ಕಿವಿಗೆ ಫೋನ್ ಸಿಕ್ಕಿಸಿಕೊಂಡೇ ಪಾಠ ಹೇಳುತ್ತಾನೆ. ಅದನ್ನಾದರೂ ಸಹಿಸಬಲ್ಲೆ. ಆದರೆ ಅವಳು ನನ್ನೆದುರು ತಲೆ ತಗ್ಗಿಸಿಕೊಂಡು ಓಡಾಡುವುದನ್ನು ಸಹಿಸಲಾರೆ. ಇದಕ್ಕಾಗಿ ನಿಮ್ಮನ್ನು ಸುಮ್ಮನೆ ಬಿಡುವ ಮನಸ್ಸು ನನಗಿಲ್ಲ.

ನಿಮ್ಮ ಕಚೇರಿಗೂ ಬಂದಿದ್ದೆ. ಕೌಂಟರಿನಲ್ಲಿದ್ದ ಗುಮಾಸ್ತೆ ನನ್ನ ಶಿಷ್ಯೆಯೇ. ತಲೆಯೆತ್ತದೆ ಹೇಳಿದಳು: "ಸಾಹೇಬ್ರು ಒಳಗೇ ಇದಾರೆ ಮೇಷ್ಟ್ರೇ. ಆದ್ರೆ ನೀವು ಬಂದ್ರೆ ಇಲ್ಲ ಅನ್ನೋಕೆ ಹೇಳಿದಾರೆ."

"ನಾನೇನು ಹುಲೀನಾ?"

"ನಿಮ್ಮನ್ನ ಕಂಡ್ರೆ ಅವರಿಗೆ ಹಳೇದೆಲ್ಲ ನೆನಪಾಗುತ್ತಂತೆ."

ಸರಿ, ಆ ಹಳೆಯದು ಊರಿಗೂ ಗೊತ್ತಾಗಲಿ. ನೀವಿನ್ನೂ ಸಣ್ಣ ಗುಮಾಸ್ತರಾಗಿದ್ದಾಗ ನನ್ನಲ್ಲಿಗೆ ಕಲಿಯಲು ಬಂದಿರಿ. ಗೇರ್ ಬದಲಿಸುವಾಗ ಕಣ್ಣು ಮುಚ್ಚುತ್ತಿದ್ದಿರಿ. ಪರೀಕ್ಷೆಯ ದಿನ ಮೈದಾನದ ಕೊನೆಯ ತಗಡಿನ ಬೇಲಿ ಎದುರಿಗೆ ಬಂದಾಗ, "ಅಯ್ಯಯ್ಯೋ ಮೇಷ್ಟ್ರೇ" ಎನ್ನುತ್ತ ಆಕ್ಸಿಲರೇಟರನ್ನೇ ಒತ್ತಿದಿರಿ. ಬ್ರೇಕ್ ಒತ್ತಿದ್ದು ನನ್ನ ಕಾಲು. ಏರಿನಲ್ಲಿ ಕಾರು ಹಿಂದಕ್ಕೆ ಜಾರಿದಾಗಲೂ ಬ್ರೇಕು ನನ್ನದು, ಕ್ಲಚ್ಚೂ ನನ್ನದು. ಹಿಂದಿನ ಸೀಟಿನಲ್ಲಿದ್ದ ಪರೀಕ್ಷಕರಿಗೆ ನನ್ನ ಕಾಲು ಕಾಣಲಿಲ್ಲ; "ಚೆನ್ನಾಗಿ ನಿಲ್ಲಿಸಿದ್ರಿ" ಎಂದು ನಿಮ್ಮ ಬೆನ್ನು ತಟ್ಟಿದರು. ಕೆಳಗಿಳಿದ ಮೇಲೆ ನೀವು ನನ್ನ ಕೈ ಹಿಡಿದು ಹೇಳಿದ ಮಾತು ನೆನಪಿದೆಯೇ? "ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ಬೇಕು." ಅದೇ ಕಾಲನ್ನು ಇಂದು ಅಪರಾಧಿ ಎಂದಿದ್ದೀರಿ.

ಈಗ ನಿಮ್ಮ ಆ ವಾಕ್ಯವನ್ನು ಇನ್ನೊಮ್ಮೆ ಓದಿ. ಬ್ರೇಕ್ ಒತ್ತಿದವನೇ ಚಾಲಕ. ಹಾಗಾದರೆ ಆ ಪರೀಕ್ಷೆಯಲ್ಲಿ ಪಾಸಾದವನು ನಾನು. ನಿಮ್ಮ ಜೇಬಿನಲ್ಲಿರುವ ಪರವಾನಗಿ ನನ್ನದು, ನಿಮ್ಮ ಕೌಂಟರುಗಳಲ್ಲಿ ಕೂತಿರುವ ನನ್ನ ಶಿಷ್ಯರ ಪರವಾನಗಿಗಳೂ ನನ್ನವೇ. ಒಂದೋ ಅವನ್ನೆಲ್ಲ ಒಟ್ಟುಮಾಡಿ ನನ್ನ ಮನೆಗೆ ಕಳಿಸಿಕೊಡಿ, ಇಲ್ಲವೇ ಆ ವಾಕ್ಯವನ್ನು ಹೊಡೆದು ಹಾಕಿ. ನೀವು ಇಂದಿಗೂ ಸರ್ಕಾರಿ ಕಾರಿನ ಹಿಂದಿನ ಸೀಟಿನಲ್ಲೇ ಓಡಾಡುತ್ತೀರಿ, ಅದು ಈ ಊರಿನ ಪುಣ್ಯ.

ನನ್ನ ಬೇಡಿಕೆ ಇಷ್ಟೇ. ವಿಚಾರಣೆ ನಡೆಸಿ. ನಿಮ್ಮ ಕೋಣೆಯಲ್ಲಿ ಬೇಡ, ಅದೇ ಮೈದಾನದಲ್ಲಿ, ಊರಿನವರ ಎದುರು, ನನ್ನ ಕಾರಿನಲ್ಲಿ ನಡೆಯಲಿ. ಹಿಂದಿನ ಸೀಟಿನಲ್ಲಿ ಪರೀಕ್ಷಕಿಯಾಗಿ ಆ ಜೊತೆಯಲ್ಲಿದ್ದ ಮಹಿಳೆ ಕೂರುತ್ತಾಳೆ. ಸ್ಟಿಯರಿಂಗ್ ನೀವು ಹಿಡಿಯಿರಿ. ಬೇಲಿ ಮುಟ್ಟದೆ ಮೈದಾನ ಸುತ್ತಿ ಬಂದರೆ ನನ್ನ ಅಮಾನತನ್ನು ತಲೆಬಾಗಿ ಒಪ್ಪಿಕೊಳ್ಳುತ್ತೇನೆ. ನಾನು ಎಂದಿನಂತೆ ನಿಮ್ಮ ಪಕ್ಕದಲ್ಲೇ ಇರುತ್ತೇನೆ, ಹೆದರಬೇಡಿ. ಆದರೆ ಈ ಸಲ ಚಕ್ಕಳಮಕ್ಕಳ ಹಾಕಿಕೊಂಡು ಕೂತಿರುತ್ತೇನೆ.

ಇಂತಿ,
ಸದ್ಯಕ್ಕೆ ನಡೆದುಕೊಂಡೇ ಓಡಾಡುತ್ತಿರುವ,
ನಿಮ್ಮ ಹಳೆಯ ಮೇಷ್ಟ್ರು

ಪತ್ರವನ್ನು ಓದಿ, ತಾನೂ ಸಹಿ ಹಾಕಲೇಬೇಕೆಂದು ಪೆನ್ನು ಕಿತ್ತುಕೊಂಡ,
ಕಾರು ಓಡಿಸಿದವಳು