ಆಂಬೋಲಿ ಘಟ್ಟ ಇಳಿಯುವ ಮೊದಲು

ಸದಾಶಿವ ಪೇಠ, ಪುಣೆ
ಮಂಗಳವಾರ, 8 ಫೆಬ್ರುವರಿ 1938

ಚಿ. ಸೌ. ಗೋದಾಳಿಗೆ ನಿನ್ನ ಇಂದೂ ಅಕ್ಕನ ಆಶೀರ್ವಾದ. ಕೂಸಿನ ಎರಡೂ ಕೆನ್ನೆಗೆ ಮುತ್ತು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗುವುದು ರೂಢಿ. ಇವತ್ತು ಆ ಸಾಲು ಬರೆಯಲು ಕೈ ಏಳುತ್ತಿಲ್ಲ. ಬೆಳಗಿನಿಂದ ಎರಡು ಹಾಳೆ ಹರಿದು ಹಾಕಿದ್ದೇನೆ. ಇದು ಮೂರನೆಯದು, ಇದನ್ನು ಹರಿಯುವುದಿಲ್ಲ.

ನಿನ್ನ ಕಾಗದ ಶನಿವಾರ ಬಂತು. ಗುರುವಾರ ನಸುಕಿನಲ್ಲಿ ನೀವಿಬ್ಬರೂ ಕೂಸನ್ನು ಕರೆದುಕೊಂಡು ಮೋಟಾರಿನಲ್ಲಿ ಆಂಬೋಲಿ ಘಟ್ಟ ಇಳಿದು, ಮನೆದೇವರ ಮುಂದೆ ಅದರ ಮೊದಲ ಕೂದಲು, ಜಾವಳ, ತೆಗೆಸುತ್ತೀರಿ ಎಂದು ಬರೆದಿದ್ದೀ. ಅದರ ಕೆಳಗೇ ನಗುತ್ತ ಇನ್ನೊಂದು ಮಾತು: ಮೋಟಾರು ಈಗೀಗ ಹಲ್ಲು ಕಡಿಯುತ್ತದೆ, ಕೂಸಿಗೂ ಹಲ್ಲು ಬರುತ್ತಿವೆ, ಇಬ್ಬರದೂ ಒಂದೇ ಸಂಕಟ. ಬೇರೆ ದಿನವಾದರೆ ನಾನೂ ನಗುತ್ತಿದ್ದೆ. ಓದಿದವಳೇ ಒಲೆಯ ಮುಂದೆ ಕುಳಿತುಬಿಟ್ಟೆ.

ಗೋದಾ, ಆ ಮೋಟಾರಿನಲ್ಲಿ ಘಟ್ಟ ಇಳಿಯಬೇಡ. ನೀನೂ ಬೇಡ, ಕೂಸೂ ಬೇಡ, ಪ್ರಲ್ಹಾದರಾಯರೂ ಬೇಡ. ಕಾರಣ ಆಮೇಲೆ ಓದು, ಮೊದಲು ಇದನ್ನು ತಲೆಯಲ್ಲಿ ಇಟ್ಟುಕೋ.

ಹೋದ ತಿಂಗಳೇ ನಾನು ಬರೆದಿದ್ದೆ, ಜಾವಳಕ್ಕೆ ಹೋಗುವುದಾದರೆ ಸರ್ವಿಸ್ ಬಸ್ಸಿನಲ್ಲಿ ಹೋಗಿರಿ ಅಂತ. ಅತ್ತಿಗೆಯ ಮಾತೆಂದು ನಿನ್ನ ಗಂಡ ನಕ್ಕು, "ವೈನಿಗೆ ಮೋಟಾರಂದ್ರ ಮೊದಲಿಂದ ಅಂಜಿಕಿ" ಅಂದರೆಂದು ನೀನು ತಿಳಿಸಿದೆ. ನಗದೆ ಏನು ಮಾಡುತ್ತಾರೆ? ನಾನು ಕಾರಣವನ್ನು ನುಂಗಿ ಬರೀ ಬುದ್ಧಿ ಹೇಳಿದ್ದೆ.

ನಾವು ನಿಮಗೆ ಮಾರಿದ ಆ ಮೋಟಾರು ಮೊದಲು ನಮ್ಮ ಮನೆಗೆ ಬಂದಾಗ ನಮಗಾದ ಹಿಗ್ಗು ನಿನಗೆ ಗೊತ್ತಿದೆ. ಲಷ್ಕರಿನ ಗೋರಾ ಸಾಹೇಬನೊಬ್ಬ ತನ್ನ ದೇಶಕ್ಕೆ ಹೋಗುವಾಗ ಬಿಟ್ಟುಹೋದದ್ದು. ನಾಲ್ಕು ಜನ ಕೂತರೆ ಮೊಣಕಾಲು ಗದ್ದಕ್ಕೆ ಬರುವಷ್ಟು ಸಣ್ಣದು. ಓಣಿಯವರು ಅದನ್ನು ಡಾಕ್ಟರರ ಔಷಧದ ಡಬ್ಬಿ ಎನ್ನುತ್ತಿದ್ದರು. ಇವರು ಅದರಲ್ಲಿ ಕೂತು ರೋಗಿಗಳ ಮನೆಗೆ ಹೊರಟರೆ ನಮ್ಮ ಮಗಳು ಕುಸುಮ ಓಣಿಯ ತುದಿಯವರೆಗೂ ಹಿಂದೆ ಓಡುತ್ತಿದ್ದಳು.

ಎರಡು ತಿಂಗಳಿಗೇ ಅದರ ಗುಣ ತಿಳಿಯಿತು. ಎದುರಿಗೆ ಟಾಂಗಾ ಬಂದಿತೆಂದು ಸಾವಕಾಶ ಮಾಡಿದರೆ ಎಂಜಿನ್ನು ನಿಂತೇ ಹೋಗುತ್ತಿತ್ತು. ಕಾಲಿನಿಂದ ಒತ್ತಿದರೆ ಮುಂದೆ ಹೋಗದೆ ನರಳುತ್ತಿತ್ತು, ಇನ್ನು ಹೋಗುವುದಿಲ್ಲ ಎನ್ನುವಷ್ಟರಲ್ಲಿ ಒಮ್ಮೆಲೇ ಜಿಗಿಯುತ್ತಿತ್ತು. ಒಂದು ದಿನ ಹಾಗೆ ಜಿಗಿದು ಕಾಯಿಪಲ್ಲೆಯ ಮುದುಕಿಯ ಬುಟ್ಟಿಯ ಮೇಲೆ ಹತ್ತಿತು. ಮುದುಕಿ ಒಂದು ಮೊಳದಲ್ಲಿ ಉಳಿದಳು. ಮನೆಗೆ ಬಂದಮೇಲೆ ಇವರು ಅದನ್ನು ಎಲ್ಲರಿಗೂ ಚೇಷ್ಟೆಯ ಕಥೆಯಂತೆ ಹೇಳಿದರು, ನಾನೂ ನಕ್ಕೆ. ಆ ನಗುವಿಗೆ ಈಗ ನಾಚಿಕೆಯಾಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಗೇರಿನದು. ಇಳಿಜಾರಿನಲ್ಲಿ ಹಾಕಿದ ಗೇರು ತಾನೇ ಕಳಚಿಕೊಂಡು ಹೊರಗೆ ಬರುತ್ತದೆ. ಮತ್ತೆ ಹಾಕಲು ಹೋದರೆ ಗರಗರ ಎನ್ನುತ್ತದೆಯೇ ಹೊರತು ಕೂಡುವುದಿಲ್ಲ. ಆಗ ಮೋಟಾರಿಗೆ ಎಂಜಿನ್ನಿನ ಹಿಡಿತ ತಪ್ಪಿಹೋಗುತ್ತದೆ. ಬರೀ ಬ್ರೇಕಿನ ಮೇಲೆ ಅದು ನಿಲ್ಲುವುದಿಲ್ಲ. ಇದು ನನಗೆ ಯಾರೋ ಹೇಳಿದ್ದಲ್ಲ, ಕಣ್ಣಾರೆ ನೋಡಿದ್ದೇನೆ.

ಕುಸುಮಳ ಕೈ ತೂಗುಮಣೆಯಿಂದ ಬಿದ್ದು ಮುರಿಯಿತೆಂದು ನಿನಗೆ ಬರೆದಿದ್ದೆನಲ್ಲ, ಅದು ಸುಳ್ಳು. ದೀಪಾವಳಿ ಮುಗಿದ ಮರುವಾರ ಸಾಸವಡದಿಂದ ತಿರುಗಿ ಬರುತ್ತಿದ್ದೆವು. ದಿವೆ ಘಟ್ಟದ ಎರಡನೇ ತಿರುವಿನಲ್ಲಿ ಗೇರು ಕಳಚಿತು. ಇವರು ಗೇರಿನ ಕೋಲನ್ನು ಎರಡೂ ಕೈಯಿಂದ ಹಿಡಿದು ಒತ್ತಿದರು, ಬ್ರೇಕು ತುಳಿದರು, ಏನೂ ಆಗಲಿಲ್ಲ. ಮೋಟಾರು ಓಡುತ್ತಲೇ ಇತ್ತು. ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದು ಮಗ್ಗುಲಿಗೆ ಏನೂ ಇಲ್ಲ. ನನಗೆ ದೇವರ ಹೆಸರು ಕೂಡ ನೆನಪಾಗಲಿಲ್ಲ. ಇವರು ಗುಡ್ಡದ ಕಡೆ ತಿರುಗಿಸಿ ಮಣ್ಣಿಗೆ ಗುದ್ದಿಸಿದರು. ಅಷ್ಟು ಬುದ್ಧಿ ಆ ಹೊತ್ತಿಗೆ ಬಂತು, ಅದಕ್ಕೆ ನಾವು ಉಳಿದೆವು. ಕುಸುಮಳ ಕೈ ನನ್ನ ಕಣ್ಣೆದುರೇ ಬಾಗಿಲಿನ ನಡುವೆ ಸಿಕ್ಕು ಮುರಿಯಿತು. ಮನೆಗೆ ಬಂದು ಇವರೇ ಪಟ್ಟಿ ಕಟ್ಟಿದರು. ಕಟ್ಟುತ್ತ, ಯಾರು ಕೇಳಿದರೂ ತೂಗುಮಣೆ ಎಂದು ಹೇಳು ಅಂತ ಮಗುವಿಗೆ ಕಲಿಸಿದರು. ಅವಳು ಈಗ ನನಗೂ ಹಾಗೇ ಹೇಳುತ್ತಾಳೆ.

ಲಷ್ಕರಿನ ಮಿಸ್ತ್ರಿ ಅವಧೂತ ಗೇರಿನ ಪೆಟ್ಟಿಗೆ ಬಿಚ್ಚಿ ನೋಡಿದ. ಒಳಗಿನ ಹಲ್ಲುಗಳು ಸವೆದಿವೆ, ಹೊಸವು ವಿಲಾಯತಿಯಿಂದಲೇ ಬರಬೇಕು ಎಂದ. ಅದೇ ಹೊತ್ತಿಗೆ ನಿನ್ನ ಗಂಡನ ಕಾಗದ ಬಂತು, ಅಣ್ಣ ಮೋಟಾರು ಮಾರುವುದಿದ್ದರೆ ನನಗೇ ಕೊಡಲಿ ಅಂತ. ಅದನ್ನು ಒಯ್ಯಲು ನೀವು ಬರುವ ಮುನ್ನಾದಿನ ಅವಧೂತ ಮತ್ತೆ ಮನೆಗೆ ಬಂದು ಹೋದ. ಏನು ಮಾಡಿದೆ ಎಂದು ಕೇಳಿದರೆ, ಗೇರಿನ ಪೆಟ್ಟಿಗೆಯಲ್ಲಿ ದಪ್ಪ ಎಣ್ಣೆಯ ಜೊತೆ ಕಟ್ಟಿಗೆಯ ಹೊಟ್ಟು ತುಂಬಿದ್ದೇನೆ ಎಂದ. ಹೊಟ್ಟು ಇರುವ ತನಕ ಸಪ್ಪಳ ಇರುವುದಿಲ್ಲ, ಒಂದೆರಡು ತಿಂಗಳಿಗೆ ಅರೆದು ಹೋಗುತ್ತದೆ, ಡಾಕ್ಟರ್ ಸಾಹೇಬರೇ ಹೇಳಿದ್ದು ಎಂದ. ನಿನ್ನ ಮೋಟಾರು ಈಗ ಹಲ್ಲು ಕಡಿಯುತ್ತದೆ ಎಂದರೆ ಹೊಟ್ಟು ಮುಗಿಯಿತು ಎಂದು ಅರ್ಥ, ಗೋದಾ.

ಇಷ್ಟು ಗೊತ್ತಿದ್ದೂ ಸುಮ್ಮನಿದ್ದೆಯಾ ಎಂದು ನೀನು ಕೇಳುವೆ. ಸುಮ್ಮನಿದ್ದರೆ ಇಷ್ಟು ಪಾಪ ಹತ್ತುತ್ತಿರಲಿಲ್ಲ. ಮೋಟಾರನ್ನು ರೈಲಿಗೆ ಹೇರಲು ಒಯ್ಯುವ ದಿನ ನಾನೇ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟು ಆರತಿ ಎತ್ತಿದೆ. ನೀನು ಒಳಗೆ ಕೂಸಿಗೆ ಹಾಲು ಕುಡಿಸುತ್ತಿದ್ದೆ. ಪ್ರಲ್ಹಾದರಾಯರು ಎದುರಿಗೆ ನಿಂತು ಕೇಳಿದರು, "ವೈನೀ, ಅಣ್ಣ ಮಾರಾಂವ, ಅವನ ಮಾತು ಬಿಡ್ರಿ. ನೀವು ದಿನಾ ಕೂತೀರಿ. ನೀವು ಖರೇ ಹೇಳ್ರಿ, ಗಾಡಿ ಹೆಂಗದ?"

ಕೈಯಲ್ಲಿ ಆರತಿ ಉರಿಯುತ್ತಿತ್ತು. ಮನೆಯಿಂದ ಹೊರಡುವ ಬಂಡಿಯ ಮುಂದೆ ಆರತಿ ಹಿಡಿದು ನಿಂತ ಮುತ್ತೈದೆ ಅಶುಭ ಆಡಬಾರದೆಂದು ನನ್ನ ತಾಯಿ ಕಲಿಸಿದ್ದು, ನಿನ್ನ ತಾಯಿಯೂ ಕಲಿಸಿರುತ್ತಾರೆ. "ಭಾಳ ಛಲೋ ಅದರಿ" ಎಂದೆ. ನನ್ನ ಮಾತು ಕೇಳಿ ಅವರ ಮುಖ ಹಗುರಾಯಿತು. ಇವರು ಬೇರೆ ಕಡೆ ನೋಡುತ್ತಿದ್ದರು. ನಿನ್ನ ಗಂಡ ಮೋಟಾರು ತೆಗೆದುಕೊಂಡದ್ದು ಅಣ್ಣನ ಮಾತಿಗಲ್ಲ, ನನ್ನ ಮಾತಿಗೆ. ಶಾಸ್ತ್ರಕ್ಕೆ ಹೆದರಿ ಸುಳ್ಳು ಹೇಳಿದೆನೋ, ಗಂಡನಿಗೆ ಹೆದರಿ ಹೇಳಿದೆನೋ, ಈಗಲೂ ನನಗೆ ಗೊತ್ತಾಗುತ್ತಿಲ್ಲ.

ಶನಿವಾರ ನಿನ್ನ ಕಾಗದವನ್ನು ಇವರ ಮುಂದೆ ಇಟ್ಟೆ. ಮುಖದ ಬಣ್ಣ ಹೋಯಿತು. "ಬೆಳಗಾವಿ ಸಪಾಟ ಊರು, ಮನಿಯಿಂದ ಕೋರ್ಟು, ಕೋರ್ಟಿನಿಂದ ಮನಿ ಅಂತ ತಿಳಿದಿದ್ದೆ" ಎಂದರು. ಅದು ಖರೆ ಇರಬಹುದು. ಅವರು ಕೆಟ್ಟವರಲ್ಲ, ಗೋದಾ. ಪ್ಲೇಗಿನ ವರ್ಷ ಯಾರೂ ಹೋಗದ ಮನೆಗಳಿಗೆ ಹೋದವರು. ಆದರೆ ತಮ್ಮನ ಮುಂದೆ ತಲೆ ತಗ್ಗಿಸುವುದು ಅವರಿಗೆ ಪ್ಲೇಗಿಗಿಂತ ಕಷ್ಟ. ನಾನೇ ಬರೆಯುತ್ತೇನೆ, ನೀನು ನಡುವೆ ಬಾಯಿ ಹಾಕಬೇಡ ಎಂದರು. ಭಾನುವಾರ ಕೇಳಿದೆ, ನಾಳೆ ಎಂದರು. ನಿನ್ನೆ ಕೇಳಿದೆ, ಹಾಕಿದ್ದೇನೆ ಎಂದರು. ಇವತ್ತು ಬೆಳಿಗ್ಗೆ ಅವರ ಅಂಗಿ ತೊಳೆಯಲು ತೆಗೆದಾಗ ಕಾರ್ಡು ಕಿಸೆಯಲ್ಲೇ ಇತ್ತು. ನಿಮ್ಮ ವಿಳಾಸ ಬರೆದಿದ್ದರು. ಹಿಂದೆ ಒಂದು ಅಕ್ಷರ ಇರಲಿಲ್ಲ.

ಈ ಕಾಗದವನ್ನು ಪ್ರಲ್ಹಾದರಾಯರ ಕೈಯಲ್ಲಿ ಕೊಡು. ನನ್ನನ್ನು ಏನು ಬೇಕಾದರೂ ಅನ್ನಲಿ. ಅಣ್ಣತಮ್ಮಂದಿರ ಮನಸ್ಸು ಒಡೆದರೆ ಒಡೆಯಲಿ. ಇನ್ನು ಹತ್ತು ವರ್ಷ ನೀವು ನಮ್ಮ ಹೊಸ್ತಿಲು ತುಳಿಯದಿದ್ದರೂ, ನೀವು ಇದ್ದೀರಿ ಎಂದು ನನಗೆ ನಿದ್ದೆ ಬರುತ್ತದೆ.

ನಿನ್ನ,
ಇಂದೂ

ತಾ. ಕ. ಕಾಗದ ಹಾಕಲು ಹೋದರೆ ಬೆಳಗಾವಿಯ ಟಪಾಲಿನ ಚೀಲ ಆಗಲೇ ಹೋಗಿತ್ತು. ಇನ್ನು ಇದು ಗುರುವಾರ ಮಧ್ಯಾಹ್ನಕ್ಕೇ ಮುಟ್ಟುವುದು ಎಂದರು. ನೀವು ಹೊರಡುವುದು ನಸುಕಿಗೆ. ಮೋಟಾರು ಬೇಡವೆಂದು ತಂತಿಯಲ್ಲಿ ಇವತ್ತೇ ಮುಟ್ಟುವ ತಾರು ಕೊಟ್ಟರೆ ನಿನ್ನ ಗಂಡ ಮತ್ತೆ ನಗುತ್ತಾರೆ, ಇಲ್ಲವೇ ಅಣ್ಣನನ್ನೇ ಕೇಳುತ್ತಾರೆ, ಇವರು ಏನೂ ಭಯವಿಲ್ಲ ಎನ್ನುತ್ತಾರೆ. ಜಾವಳವನ್ನು ನಿಲ್ಲಿಸುವುದು ಒಂದೇ, ಸೂತಕ. ನಮ್ಮ ಮನೆಯ ಸಾವಿಗೆ ನಿಮಗೂ ಹತ್ತು ದಿನ. ತಾರಿನ ಗುಮಾಸ್ತ ತೀರಿಕೊಂಡವರ ಹೆಸರು ಕೇಳಿದ. ಮದುವೆಯ ದಿನ ಗಂಡನ ಹೆಸರು ಹೇಳುವ ಒಡಪಿನಲ್ಲಿ ಬಿಟ್ಟರೆ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಮಾರ್ತಾಂಡ ಎಂದೆ. ಅವನು ನನ್ನ ಹಣೆಯ ಕುಂಕುಮ ನೋಡಿ ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಹೇಳಿದೆ.

ಅವರು ಈಗ ಹೊರಗೆ ಕೂತು ಚಹಾ ಕುಡಿಯುತ್ತಿದ್ದಾರೆ. ಅವರಿಗೆ ಇನ್ನೂ ಹೇಳಿಲ್ಲ.

ಮನೆಗೆ ಬರುವ ದಾರಿಯಲ್ಲಿ ನನಗೆ ಹೊಳೆಯಿತು: ಪುಣೆಯ ರೈಲು ನಿಮ್ಮಲ್ಲಿ ರಾತ್ರಿಗೆ. ಅಣ್ಣನ ಮುಖ ಕೊನೆಗೊಮ್ಮೆ ನೋಡುವ ಅವಸರದಲ್ಲಿ ಪ್ರಲ್ಹಾದರಾಯರು ರೈಲಿಗೆ ಕಾಯುತ್ತಾರೆಯೇ? ಮೋಟಾರಿನ ದಾರಿಯಲ್ಲಿ ಖಂಬಾಟಕಿ ಘಟ್ಟ ಇದೆ, ಕಾತ್ರಜ ಘಟ್ಟ ಇದೆ. ಓಡುತ್ತ ಹಿಂದಿರುಗಿ, ರೈಲಿನಲ್ಲಿಯೇ ಬನ್ನಿರಿ ಎಂದು ಎರಡನೇ ತಾರು ಕೊಟ್ಟು ಬಂದೆ. ಮೊದಲನೆಯದು ಹೋಗಿ ಅಷ್ಟರಲ್ಲಿ ಒಂದು ತಾಸು ಆಗಿತ್ತು. ಇದನ್ನು ಓದುವಾಗ ಮೋಟಾರು ನಿಮ್ಮ ಅಂಗಳದಲ್ಲೇ ನಿಂತಿದ್ದರೆ, ಕೂಡಲೇ ನನಗೊಂದು ತಾರು ಕೊಡು.