ವಾಸನೆ ಬೆರೆಸುವ ಮಗಳಿಗೆ

ಬೇಕರಿಯ ಮೇಲಿನ ಕೋಣೆ,
ಬುಧವಾರ, ಫೆಬ್ರವರಿ ಹನ್ನೆರಡು

ಪ್ರೀತಿಯ ಬನ್ನಮ್ಮಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಆ ಗ್ಯಾಸ್ ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ಚಹಾ ಕುಡಿದೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೀಯೋ? ಮೂವತ್ತು ವರ್ಷದ ಇಂಜಿನಿಯರಮ್ಮನನ್ನು ಬನ್ನಮ್ಮ ಅಂದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಹುಟ್ಟಿದಾಗ ಈಗಷ್ಟೇ ಟ್ರೇಯಿಂದ ತೆಗೆದ ಬನ್ನಿನ ಹಾಗಿದ್ದೆ, ಅದಕ್ಕೆ ನಾನೇನು ಮಾಡಲಿ? ನೀನು ಮನೆಗೆ ಬಂದು ನಾಲ್ಕು ತಿಂಗಳಾಯಿತು. ಫೋನಿನಲ್ಲಿ ನನ್ನ ದನಿ ಕೇಳಿದರೆ ಒಂದು ‘ಹೂಂ’ ಅಂದು ‘ಅಮ್ಮಂಗೆ ಕೊಡು’ ಅನ್ನುತ್ತೀಯ. ಕಾಗದವಾದರೆ ಅರ್ಧಕ್ಕೇ ಇಟ್ಟುಬಿಡಲಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನೀನಿರುವ ಊರಿಗೆ ಬ್ರೆಡ್ ಒಯ್ಯುವ ವ್ಯಾನಿನ ಡ್ರೈವರ್ ಇದನ್ನು ನಿನ್ನ ಕೈಗೇ ಕೊಡುತ್ತಾನೆ.

ಮೊದಲು ನಿನಗೆ ಬೇಕಾದ ಸುದ್ದಿ. ಸಹಿ ಹಾಕಿದೆ. ಸೋಮವಾರ ಹನ್ನೊಂದು ಗಂಟೆಗೆ ನಮ್ಮ ಒಲೆಗೂ ಗ್ಯಾಸ್ ಬರುತ್ತದೆ. ಬೀದಿಯವರೆಲ್ಲ ಪೈಪ್ ಹಾಕಿಸಿಕೊಂಡರೂ ಗ್ಯಾಸಿನವಳ ಅಪ್ಪ ಒಬ್ಬನೇ ಸೌದೆ ಒಡೆಯುತ್ತ ಕೂತಿದ್ದಾನೆಂದು ಪಕ್ಕದ ಇಸ್ತ್ರಿ ಅಂಗಡಿಯಾಕೆ ಐದು ತಿಂಗಳಿಂದ ಆಡಿಕೊಳ್ಳುತ್ತಿದ್ದಳು. ನಿನ್ನ ಅಮ್ಮನ ಕೆಮ್ಮು ಹೆಚ್ಚಾಗಿದೆ. ಡಾಕ್ಟರು ಎಕ್ಸ್‌ರೇ ನೋಡಿ, ಕೆಳಗಿನ ಒಲೆಯ ಹೊಗೆ ಮೇಲಿನ ಕೋಣೆಗೆ ಬರುವುದು ನಿಲ್ಲದೆ ಈ ಕೆಮ್ಮೂ ನಿಲ್ಲುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಆಮೇಲೆ ನನ್ನ ಹಟಕ್ಕೆ ಜಾಗವೆಲ್ಲಿ? ಹೋದ ಸಲ ಬಂದಾಗ ಇದೇ ಮಾತಿಗೆ ‘ಊರಿಗೆಲ್ಲ ಬೇಕಾದ ನನ್ನ ಕೆಲಸ ನಿನಗೆ ಮಾತ್ರ ಬೇಡವಾಯ್ತಾ ಅಪ್ಪಾ?’ ಅಂದು ಚೀಲ ಹೆಗಲಿಗೇರಿಸಿಕೊಂಡು ಹೊರಟೆಯಲ್ಲ, ಆ ಮಾತು ಇನ್ನೂ ಚುಚ್ಚುತ್ತಿದೆ.

ನಿನ್ನ ಕೆಲಸ ಬೇಡವೆನ್ನುವಷ್ಟು ಕುರುಡನಲ್ಲ ನಾನು. ನೀನು ಶಾಲೆಗೆ ಹೋಗುತ್ತಿದ್ದಾಗ ದಿನಕ್ಕೆ ಆರು ಗಂಟೆ ಕರೆಂಟ್ ಇರುತ್ತಿರಲಿಲ್ಲ, ನೆನಪಿದೆಯೇ? ಹಿಟ್ಟು ಕಲಸುವ ಮಷೀನು ಅರ್ಧ ಸುತ್ತಿಗೇ ನಿಂತರೆ, ನಾನೂ ನಿನ್ನ ಅಮ್ಮನೂ ಮೊಣಕೈವರೆಗೆ ಹಿಟ್ಟಿನಲ್ಲಿ ಮುಳುಗಿ ಕೈಯಲ್ಲೇ ನಾದುತ್ತಿದ್ದೆವು. ಆಗ ಬೀದಿಗೆ ಇದ್ದದ್ದು ಎರಡು ಫ್ರಿಜ್ಜು. ಈಗ ಯಾರ ಮನೆಯಲ್ಲಿ ಇಲ್ಲ ಹೇಳು? ಮೇಲಿನ ತಿರುವಿನಲ್ಲಿ ಹೊಲಿಗೆ ಕಾರ್ಖಾನೆ ಬಂತು, ಆಸ್ಪತ್ರೆಗೆ ಎರಡು ಮಹಡಿ ಏರಿತು, ಎಲ್ಲರಿಗೂ ಒಟ್ಟಿಗೇ ಫ್ಯಾನು ಬೇಕು, ಪಂಪು ಬೇಕು. ಇಷ್ಟೊಂದು ಬಾಯಿಗೆ ಎಲ್ಲಿಂದ ತಂದು ಹಾಕುತ್ತಾರಪ್ಪಾ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಹೊಳೆಯಾಚೆ ಗ್ಯಾಸ್ ಉರಿಸಿ ಕರೆಂಟ್ ಮಾಡುವ ಕಾರ್ಖಾನೆ ಶುರುವಾದ ಮೇಲೆ ಮಷೀನು ಒಂದು ದಿನವೂ ನಡುವೆ ನಿಂತಿಲ್ಲ. ಅದರ ಚಿಮಣಿ ನೋಡಿದರೆ ಕೆಲಸ ನಡೆಯುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಹಳೆಯ ಕಲ್ಲಿದ್ದಲಿನದ್ದು ಇದ್ದಾಗ ಇಸ್ತ್ರಿಯಾಕೆ ಬಿಳಿ ಬಟ್ಟೆಗಳನ್ನು ಹೊರಗೆ ಒಣಹಾಕುತ್ತಿರಲಿಲ್ಲ. ಈಗ ಹಗ್ಗದ ತುಂಬ ಅಂಗಿಗಳು ರಾಜಾರೋಷವಾಗಿ ತೂಗಾಡುತ್ತವೆ. ಗ್ಯಾಸೂ ನೆಲದೊಳಗಿನದೇ, ಇದೂ ಒಂದು ದಿನ ಮುಗಿಯುತ್ತದೆ, ಇದು ಕೊನೆಯ ಉತ್ತರವಲ್ಲ ಎಂದು ನೀನೇ ಹೇಳಿದ್ದೆ. ಇರಲಿ. ಮುಂದಿನ ಉತ್ತರ ಹುಡುಕುವವರಿಗೂ ಅಲ್ಲಿಯವರೆಗೆ ದೀಪ ಬೇಕಲ್ಲ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ನಿನ್ನ ಪಾಲಿನ ಕೆಲಸ. ಎರಡು ವರ್ಷದ ಹಿಂದೆ ನನ್ನ ತಲೆಗೆ ಹಳದಿ ಟೋಪಿ ಹಾಕಿಸಿ ಸ್ಟೇಷನ್ ತೋರಿಸಿದೆಯಲ್ಲ. ಆ ಪೈಪುಗಳ ಗಾತ್ರ ನೋಡಿ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದರೆ, ನೀನು ಮೂಲೆಯ ಪುಟ್ಟ ತೊಟ್ಟಿಯ ಹತ್ತಿರ ಕರೆದೊಯ್ದು ‘ನನ್ನ ಕೆಲಸ ಇದು’ ಅಂದೆ. ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಸೋರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಕೊಳೆತ ಮೊಟ್ಟೆಯ ಹಾಗೆ ನಾರುವ ದ್ರವವನ್ನು ಹನಿಹನಿಯಾಗಿ ಬೆರೆಸುವುದು. ಇಷ್ಟು ದೊಡ್ಡ ಶಕ್ತಿಯನ್ನು ಮನೆಮನೆಗೆ ಕಳಿಸುವ ಮೊದಲು, ಜೋಪಾನ ಎಂದು ಕಿವಿಮಾತು ಹೇಳಿದಂತೆ ಒಂದು ಹನಿ. ಅದನ್ನು ಹಾಕುವುದು ನನ್ನ ಮಗಳು. ಅಂದು ವಾಪಸು ಬರುವಾಗ ಬಸ್ಸಿನಲ್ಲಿ ಎದುರು ಕೂತವರಿಗೆಲ್ಲ ಹೇಳಿಕೊಂಡು ಬಂದೆ, ಒಬ್ಬರೂ ಕೇಳಿರಲಿಲ್ಲ. ಆದರೆ ನಿನ್ನೆದುರು ಹೊಗಳುವ ಬುದ್ಧಿ ನನಗೆಲ್ಲಿತ್ತು? ನೀನು ರಜೆಗೆ ಬಂದಾಗಲೆಲ್ಲ ಬಾಗಿಲಲ್ಲೇ ತಡೆದು, ‘ಕೊಳೆತ ಮೊಟ್ಟೆ ಬಂತು, ಮೊದಲು ಸ್ನಾನ ಮಾಡು, ಬ್ರೆಡ್ಡಿಗೆ ಹಿಡಿಯುತ್ತೆ’ ಎಂದು ಗದರುತ್ತಿದ್ದೆ. ಬಟ್ಟೆ ಎಷ್ಟು ಒಗೆದರೂ ಹೋಗುವುದಿಲ್ಲ, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುತ್ತದೆ ಎಂದು ನೀನು ನಗುತ್ತಲೇ ಹೇಳುತ್ತಿದ್ದೆ. ಆ ನಗು ಪೂರ್ತಿ ನಗುವಾಗಿರಲಿಲ್ಲವೆಂದು ಈಗ ತಿಳಿಯುತ್ತದೆ.

ನಿನ್ನೆ ಪೈಪ್ ಪರೀಕ್ಷಿಸಲು ಬಂದವನು ಬಹಳ ಶಿಸ್ತಿನ ಮನುಷ್ಯ. ಪ್ರತಿ ಜಾಯಿಂಟಿಗೂ ಸೋಪಿನ ನೀರು ಬಳಿದು, ಗುಳ್ಳೆ ಏಳುತ್ತದೆಯೇ ಎಂದು ಮಂಡಿಯೂರಿ ನೋಡಿದ. ಆಮೇಲೆ ಗ್ಯಾಸಿನ ವಾಸನೆ ಲೇಪಿಸಿದ ಒಂದು ಕಾರ್ಡು ಕೊಟ್ಟು, ಉಗುರಿನಿಂದ ಕೆರೆದು ಮೂಸಿ ನೋಡಿ ಅಂದ. ಈ ವಾಸನೆ ಬಂದರೆ ಬೆಂಕಿ ಹಚ್ಚಬೇಡಿ, ಸ್ವಿಚ್ ಮುಟ್ಟಬೇಡಿ, ಕಿಟಕಿ ತೆರೆದು ಹೊರಗೆ ಬನ್ನಿ ಎಂದು ಪಾಠ ಒಪ್ಪಿಸಿದ. ನಾನು ಮೂಸಿ, ಮುಖ ಕಿವುಚಿ, ‘ಥೂ, ನನ್ನ ಮಗಳದೇ!’ ಅಂದೆ. ಅವನು ನಕ್ಕು ಸಹಿ ಮಾಡಿಸಿಕೊಂಡ.

ನಿನ್ನ ಅಮ್ಮ ಖುಷಿಯಾಗಿದ್ದಾಳೆ. ನನ್ನ ಹೊಸ ಗಡಿಯಾರವೊಂದೇ ಅವಳಿಗೆ ತಮಾಷೆ. ನಲವತ್ತು ವರ್ಷ ಗಡಿಯಾರ ನೋಡದೆ, ಪರಿಮಳ ಹಿಡಿದೇ ಒಲೆಯ ಬಾಗಿಲು ತೆರೆದವನು ಈಗ ನಿಮಿಷ ಎಣಿಸುತ್ತ ನಿಲ್ಲುತ್ತೇನಲ್ಲ, ವಯಸ್ಸಾದ ಮೇಲೆ ಬುದ್ಧಿ ಬಂತು ಎನ್ನುತ್ತಾಳೆ. ಹೋದ ತಿಂಗಳು ಎರಡು ಟ್ರೇ ಸೀದುಹೋದವು. ಸೌದೆ ತೀರ ಒಣಗಿತ್ತು ಎಂದು ನಾನೇ ಗಲಾಟೆ ಮಾಡಿದೆ.

ಮೈ ಜೋಪಾನ ಮಗಳೇ. ಬಿಸಿಲಲ್ಲಿ ಟೋಪಿ ತೆಗೆಯಬೇಡ. ಅಮ್ಮ ನಿನ್ನ ತಲೆ ಸವರಿದಳೆಂದು ಬರೆಯಲು ಹೇಳಿದ್ದಾಳೆ, ಅದರ ಜೊತೆ ನನ್ನದೂ ಸೇರಿಸಿಕೊ. ನಿನ್ನ ಕೈಯ ಕೆಲಸ ಸದಾ ಜನರನ್ನು ಕಾಯಲಿ.

ಇಂತಿ,
ನಿನ್ನ ಹಟಮಾರಿ ಅಪ್ಪ

ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ: ಡ್ರೈವರ್ ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಆ ಕಾರ್ಡಿನಲ್ಲಿ ನನಗೆ ಏನೂ ವಾಸನೆ ಬರಲಿಲ್ಲ. ಎಂಟು ತಿಂಗಳ ಹಿಂದಿನ ಜ್ವರದಲ್ಲಿ ಮೂಗು ಹೋಯಿತು, ಮರಳಿ ಬಂದಿಲ್ಲ. ಬೇಕರಿಯವನಿಗೆ ಮೂಗಿಲ್ಲವೆಂದು ಹೇಗೆ ಹೇಳಲಿ? ನಿನ್ನ ಅಮ್ಮನಿಗೂ ಗೊತ್ತಿಲ್ಲ. ಇಷ್ಟು ದಿನ ಸಹಿ ಹಾಕದಿದ್ದದ್ದು ಇದಕ್ಕೇ, ನಿನ್ನ ಕೆಲಸದ ಮೇಲಿನ ತಾತ್ಸಾರದಿಂದಲ್ಲ. ಬೆಳಿಗ್ಗೆ ಒಲೆ ಹೊತ್ತಿಸುವವನು ನಾನೊಬ್ಬನೇ, ಮೇಲೆ ನಿನ್ನ ಅಮ್ಮ ಮಲಗಿರುತ್ತಾಳೆ. ಗ್ಯಾಸ್ ಸೋರಿದರೆ ಕೂಗುವ ಅಲಾರಾಂ ಇದೆಯೆಂದು ನೀನು ಹೇಳಿದ್ದೆ. ಸೋಮವಾರಕ್ಕೆ ಮೊದಲು ಅದನ್ನು ತೆಗೆದುಕೊಂಡು ಬಾ. ಗ್ಯಾಸ್ ಗಾಳಿಗಿಂತ ಹಗುರ, ಅಲಾರಾಂ ಚಾವಣಿಯ ಹತ್ತಿರ ಇರಬೇಕು ಅಂದಿದ್ದೆಯಲ್ಲ, ಏಣಿ ನಾನು ಹಿಡಿಯುತ್ತೇನೆ. ನೀನು ಬರುವವರೆಗೆ ಒಲೆ ಹೊತ್ತಿಸಲು ಬಿಡುವುದಿಲ್ಲ. ಇನ್ನೊಂದು. ಹೋದ ಸಲ ನೀನು ಬಂದ ಕೂಡಲೇ ಬಾಗಿಲಲ್ಲಿ ನಿಂತು, ‘ಅಪ್ಪಾ, ಇವತ್ತು ಬೈಲಿಲ್ವಲ್ಲಾ, ನನ್ನ ಬಟ್ಟೆ ವಾಸನೆ ಬರ್ತಿಲ್ವಾ?’ ಎಂದು ಕೇಳಿದೆ. ಇಲ್ಲ ಅಂದೆ. ನಿನ್ನ ಮುಖ ಅರಳಿತು, ಚಿಕ್ಕವಳಿದ್ದಾಗಿನ ಹಾಗೆ ತಬ್ಬಿಕೊಂಡೆ. ನಾನು ಹೇಳಿದ್ದು ನಿಜವೇ ಆಗಿತ್ತು. ಆದರೆ ಆ ನಾತ ಒಂದೇ ಒಂದು ಸಲ ಮತ್ತೆ ಬಂದಿದ್ದರೆ, ಮಗಳೇ, ನಿನ್ನನ್ನು ನಾನು ಬಿಡುತ್ತಲೇ ಇರಲಿಲ್ಲ.