ಟ್ರಂಕಿನ ಬೀಗ

ಸಿಂಧನೂರು
20-6-1968

ನನ್ನ ಮಗಳು ಅಮರಮ್ಮನಿಗೆ,

ನಿನ್ನ ಅವ್ವ ಆದೆಮ್ಮ ತನ್ನ ಕಾಗೆಕಾಲಿನ ಅಕ್ಷರದಲ್ಲಿ ಹರಸಿ ಬರೆಯುತ್ತಿದ್ದೇನೆ. ಮೊದಲು ಈ ಮಾತು ಓದು, ಉಳಿದದ್ದನ್ನು ಆಮೇಲೆ ಓದುವೆಯಂತೆ. ನಿನ್ನ ಟ್ರಂಕಿನ ಬೀಗ ಸಿಕ್ಕಿದೆ. ನಿನ್ನ ಗಂಡ ಗಾಳೆಪ್ಪ ಅದನ್ನು ಯಾವ ಹೆಣ್ಣಿಗೂ ಕೊಟ್ಟಿರಲಿಲ್ಲ. ಹೆಣ್ಣೇ ಇಲ್ಲ, ಕೊಡುವುದು ಯಾರಿಗೆ?

ಅಂಚೆಗೆ ಹಾಕಿದರೆ ಯಾವಾಗ ಮುಟ್ಟುತ್ತದೋ ಎಂದು ಲಿಂಗಸುಗೂರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತಿದ್ದೇನೆ. ಮಸ್ಕಿಯಲ್ಲಿ ಇಳಿದು ನೀನೀಗ ಇರುವ ನಿಮ್ಮ ಚಿಕ್ಕಮ್ಮ ಗ್ಯಾನಮ್ಮನ ಮನೆಗೇ ತಲುಪಿಸುತ್ತಾನೆ. ಅವಳ ಮುಂದೆಯೇ ಓದು. ನಿನಗಿಂತ ಹೆಚ್ಚು ಗಾಳೆಪ್ಪನನ್ನು ಬೈದವಳು ಅವಳು.

ಆ ಸೋಮವಾರ ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂತದ್ದು ನಿನಗೆ ಗೊತ್ತು. ಗಂಡನಿಂದ ನನ್ನನ್ನು ಬಿಡಿಸಿಬಿಡಿ ಎಂದು ನೀನೇ ಹೇಳಿ ಕಳಿಸಿದ್ದೆ. ಗಾಳೆಪ್ಪ ನಿನಗೆ ಗಂಡ, ನನಗೆ ಅಣ್ಣನ ಮಗ. ಈ ಸಂಬಂಧ ಮುರಿದರೆ ನಿನ್ನ ಮನೆಯೂ ಹೋಯಿತು, ನನ್ನ ತವರೂ ಹೋಯಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದೆ.

ಗದ್ದೆಪ್ಪಜ್ಜ ನೀನು ಹೇಳಿದ್ದನ್ನೆಲ್ಲ ಮುಂದಿಟ್ಟ. ಅಂಗಿಯ ಕಿಸೆಯಲ್ಲಿ ಕೆಂಪು ರೇಷ್ಮೆಯ ಕರವಸ್ತ್ರ, ಒಂದೇ ಒಂದು ಹಸಿರು ಬಳೆ, ಟ್ರಂಕಿನ ಬೀಗ ಮಾಯ, ಅಮಾವಾಸ್ಯೆ ಬಂದರೆ ಸಾಕು ಮನುಷ್ಯ ನಿಮ್ಮೂರು ಜವಳಗೇರಾದಲ್ಲಿ ಇಲ್ಲ. ಎಲ್ಲಿ ಹೋಗಿದ್ದಿ ಎಂದು ನೀನು ಕೇಳಿದರೆ ಹೊಲಕ್ಕೆ ನೀರು ಕಟ್ಟಲು ಹೋಗಿದ್ದೆ ಅಂದನಂತೆ! ಕಾಲುವೆ ಬಂದಾಗಿ ಒಣಗಿ ಬಿದ್ದ ಬೇಸಿಗೆಯಲ್ಲಿ, ಅದೂ ಅಮಾವಾಸ್ಯೆಯ ದಿನ, ಯಾರೂ ಎತ್ತಿನ ಹೆಗಲಿಗೆ ನೊಗ ಇಡದ ದಿನ. ಇಷ್ಟು ಹಡಬಿಟ್ಟಿ ಸುಳ್ಳನ್ನು ನಮ್ಮ ವಂಶದಲ್ಲಿ ಯಾರೂ ಹೇಳಿದ್ದಿಲ್ಲ. ನಿಜವಾಗಿ ಕೆಟ್ಟವನಾಗಿದ್ದರೆ ಇದಕ್ಕಿಂತ ಚಲೋ ಸುಳ್ಳು ಹೇಳುತ್ತಿದ್ದ ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ.

"ಬಾಯಿ ಬಿಡಪಾ ಗಾಳೆಪ್ಪ, ಈ ಬಳಿ ಯಾರದು?" ಎಂದು ಅಜ್ಜ ಕೇಳಿದ. ಇವನು ತುಟಿ ಬಿಚ್ಚಲಿಲ್ಲ. ತಲೆ ಎತ್ತಿ ಒಂದೇ ಸಲ ನಿಮ್ಮಪ್ಪನ ಕಡೆ ನೋಡಿದ. ನಿಮ್ಮಪ್ಪ ಜಂತಿ ನೋಡುತ್ತ ಕೂತ. ಆಗ ನಾನು ಕಂಡೆ, ನಿಮ್ಮಪ್ಪನ ಕೈಯಲ್ಲಿದ್ದ ಬಸಿ ವಾಲಿ ಚಹಾ ಧೋತರದ ಮೇಲೆ ಚೆಲ್ಲಿತು. ಜಾದೂ ಆಟದಲ್ಲಿ ಊರೆದುರು ಕೋಳಿಮೊಟ್ಟೆ ಮಾಯ ಮಾಡುವಾಗ ಕಣ್ಣೆವೆ ಅಲುಗಿಸದ ಮನುಷ್ಯ, ಮಗಳೆ. ಆ ಕೈ ತಪ್ಪಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಅಮಾವಾಸ್ಯೆ ಆದಮೇಲೆ ಮತ್ತೆ ಕೂಡೋಣ, ಆಗ ಬಿಡುಗಡೆಯ ಚೀಟಿ ಬರೆದುಬಿಡೋಣ ಎಂದು ಹಿರಿಯರು ಎದ್ದರು. ನಾನು ನಿಮ್ಮಪ್ಪನನ್ನು ಕೇಳಿದೆ. "ನನಗೇನ್ ಗೊತ್ತೈತಿ?" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ನಾನೂ ರೊಟ್ಟಿ ಗಂಟು ಕಟ್ಟಿಕೊಂಡು ಅವನ ಹಿಂದೆಯೇ ಮಲೀಕಸಾಬಣ್ಣನ ಸೈಕಲ್ ಅಂಗಡಿಗೆ ಹೋದೆ.

ಆ ಅಂಗಡಿಯ ಹಿಂದಿನ ಕೋಣೆ ನಿನಗೆ ಗೊತ್ತಲ್ಲ, ಜಾದೂ ಸಂಘದವರದು. ಕಾಲುವೆ ತೋಡುವಾಗ ಮಲೀಕಸಾಬಣ್ಣ ಕೂಲಿಯವರ ಎದುರು ನಾಣ್ಯ ಮಾಯ ಮಾಡಿ, "ಇದು ಮಂತ್ರ ಅಲ್ರಪಾ, ಕೈಚಳಕ" ಎಂದು ಹೇಳುತ್ತಿದ್ದ. ಮಂತ್ರ ಎಂದು ಹೇಳಿ ಹೆದರಿಸುವವರ ಹಾವಳಿ ಆಗ ಬಹಳ. ಮೊದಲು ಅವನು ಮತ್ತು ನಿಮ್ಮಪ್ಪ ಇಬ್ಬರೇ. ಆಮೇಲೆ ಲಿಂಗಸುಗೂರಿನವರು, ಮಸ್ಕಿಯವರು ಕೂಡಿದರು. ರೈತರೇ ಹೆಚ್ಚು, ಅದಕ್ಕೇ ಅಮಾವಾಸ್ಯೆಯ ಬಿಡುವಿನಲ್ಲಿ ಸಭೆ. ನಿಮ್ಮಪ್ಪ ಅಧ್ಯಕ್ಷನಾಗಿ ಆರು ವರ್ಷವಾಯಿತು, ನಾನು ಆ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಹೆಂಗಸರು ದಾಟುವಂತಿಲ್ಲ ಎಂಬುದು ಅವರ ಕಾಯ್ದೆ. ಅಂದು ದಾಟಿದೆ.

ಗೋಡೆಯ ಮೇಲೆ ಒಂದು ದೊಡ್ಡ ಮೊಳೆ, ಅದಕ್ಕೆ ಹಿತ್ತಾಳೆಯ ಒಂದು ಬೀಗ. ನಿನ್ನ ಮದುವೆಗೆ ನಾನೇ ಕೊಂಡ ಟ್ರಂಕಿನ ಬೀಗ, ಮೇಲೆ ನವಿಲು, ಆ ನವಿಲಿನ ಕೊಕ್ಕು ಸವೆದದ್ದು. ನನಗೆ ಗುರುತು ಸಿಗದೆ ಇರುತ್ತದೆಯೆ? ರೊಟ್ಟಿ ಗಂಟು ಕೈಯಿಂದ ಬಿತ್ತು.

"ಮಲೀಕಣ್ಣ, ನನ್ನ ಮಗಳ ಟ್ರಂಕಿನ ಬೀಗ ಇಲ್ಲಿ ಹ್ಯಾಂಗ ಬಂತು?" ಎಂದೆ.

"ಯಕ್ಕಾ, ಕಾಯ್ದೆ ಅಂದ್ರ ಕಾಯ್ದೆ. ನಾ ಹೇಳಾಂಗಿಲ್ಲ."

"ಮನಿ ಮುರಿಯಾಕತ್ತೈತಿ, ನಿಂದೇನ್ ಕಾಯ್ದೆ? ಇಲ್ಲೇ ಕುಂದರ್ತೀನಿ, ಹೇಳೋತನಾ ಏಳಾಂಗಿಲ್ಲ!"

ಕೂತೇಬಿಟ್ಟೆ, ಸೈಕಲ್ ಟ್ಯೂಬುಗಳ ಮೇಲೆ. ಕೊನೆಗೆ ನಿಮ್ಮಪ್ಪನೇ ತಲೆ ತಗ್ಗಿಸಿ ಹೇಳಿದ. ಹೊಸದಾಗಿ ಸಂಘ ಸೇರಿದವನು ತನ್ನ ಮನೆಯದೊಂದು ಬೀಗ ತರಬೇಕು. ಅದನ್ನು ತುಟಿಗೆ ಮುಟ್ಟಿಸಿ, ಒತ್ತಿ ಹಾಕಿ, ಮೊಳೆಗೆ ತೂಗಿಬಿಡುತ್ತಾರೆ. ಒಂದು ವರ್ಷ ಆತ ಸಂಘದ ಹೆಸರನ್ನು ಮನೆಯಲ್ಲಿ ಎತ್ತುವಂತಿಲ್ಲ. ವರ್ಷ ತುಂಬಿದ ದಿನ ಮನೆಯವಳು ಕೀಲಿಕೈ ತಂದು ಹೊಸ್ತಿಲ ಹೊರಗೆ ನಿಂತೇ ತೆಗೆಯಬೇಕು. ಗಾಳೆಪ್ಪ ಸೇರಿದ್ದು ಈ ಯುಗಾದಿಯ ಅಮಾವಾಸ್ಯೆಗೆ.

ಈ ಹುಚ್ಚು ಕಾಯ್ದೆ ಹುಟ್ಟಿದ್ದು ಲಿಂಗಸುಗೂರಿನ ಮಕ್ತುಮ್‌ಸಾಬ್‌ನಿಂದ. ಅವನು ಮೊಟ್ಟೆಯ ಗುಟ್ಟನ್ನು ಹೆಂಡತಿಗೆ ಹೇಳಿದ, ಅವಳು ಬಾವಿಕಟ್ಟೆಯಲ್ಲಿ ಹೇಳಿದಳು, ಅದು ಊರೂರಿಗೆ ಹಬ್ಬಿತು, ಮುಂದಿನ ಆಟ ದಢೇಸುಗೂರಿನಲ್ಲಿ. ಇವನು ಮೊಟ್ಟೆ ಹಿಡಿದು ಕೈ ಎತ್ತಿದ್ದೇ ತಡ, ಹುಡುಗರೆಲ್ಲ "ಬಗಲಾಗೈತಿ, ಬಗಲಾಗೈತಿ!" ಎಂದು ಕೂಗಿದರಂತೆ. ಬಗಲಲ್ಲೇ ಮೊಟ್ಟೆ ಒಡೆಯಿತಂತೆ. ಇದನ್ನು ಹೇಳುವಾಗ ಮಲೀಕಸಾಬಣ್ಣ ನಕ್ಕ. ನನಗೆ ನಗು ಬರಲಿಲ್ಲ.

ನಿಮ್ಮಪ್ಪನ ಮೇಲೆ ಎಂಥ ಸಿಟ್ಟು ಬಂತು ಅಂತೀ! ನೀನು ಅತ್ತದ್ದನ್ನು ಕೇಳಿಯೂ, ಅಧ್ಯಕ್ಷನೇ ಆಣೆ ಮುರಿದರೆ ಹೇಗೆ ಎಂದು ಬಾಯಿ ಹೊಲಿದುಕೊಂಡು ಕೂತಿದ್ದ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಳ್ಳಲ್ಲ. "ತಪ್ಪಾತು ಆದೆಮ್ಮ" ಎಂದು ಎಲ್ಲರ ಎದುರೇ ಅಂದ. ಅಂದಮೇಲೂ ಎರಡು ದಿನ ಖಾರವಿಲ್ಲದ ಪುಂಡಿಪಲ್ಯ ಬಡಿಸಿದೆ.

ಇನ್ನು ಗಾಳೆಪ್ಪ ಯಾಕೆ ಸೇರಿದ ಎಂಬುದನ್ನು ಮಲೀಕಸಾಬಣ್ಣ ಹೇಳಿದ. ಇದನ್ನು ಓದಿ ಅಳಬೇಡ. ಹೋದ ವರ್ಷ ಕೂಸು ಹೋದಮೇಲೆ ನೀನು ನಕ್ಕಿದ್ದನ್ನು ಯಾರೂ ನೋಡಿಲ್ಲ. ಇವನು ಬಂದು, "ನನ್ನ ಹೇಣ್ತಿ ನಗೂದ ಮರ್ತಾಳ್ರೀ, ಒಂದ ಆಟ ಕಲಸ್ರಿ" ಎಂದು ಕೇಳಿದನಂತೆ. ಆ ಹಸಿರು ಬಳೆ ನಿನ್ನ ಕೈಯ ಅಳತೆಯದೇ. ಎರಡೂ ತುದಿ ಕಟ್ಟಿದ ದಾರಕ್ಕೆ ಆ ಕೆಂಪು ಕರವಸ್ತ್ರದ ಮರೆಯಲ್ಲಿ ಅದನ್ನು ಏರಿಸುವ ಆಟ. ಮೂರು ತಿಂಗಳಿಂದ ಅದೊಂದನ್ನೇ ಕಲಿಯುತ್ತಿದ್ದಾನೆ. ಎಷ್ಟು ಬಳೆ ಒಡೆದನೋ, ಅದನ್ನು ಕೇಳಬೇಡ.

ಬಸ್ಸುಗಳ ಕೈಯಲ್ಲಿ ಸುದ್ದಿ ಕಳಿಸಿ ನಿನ್ನೆ ಸಂಘದವರನ್ನೆಲ್ಲ ಕರೆಸಿದರು. ನಾನು ಹೊಸ್ತಿಲ ಒಳಗೇ ನಿಂತು, ಗುಟ್ಟು ನಿಮ್ಮದು ಇರಲಿ, ಗಂಡ ಎಲ್ಲಿ ಹೋಗಿದ್ದಾನೆ ಎಂಬುದು ಮಾತ್ರ ಮನೆಯವಳದು ಎಂದೆ. ಮೊದಲು ಎದ್ದವನು ಮಕ್ತುಮ್‌ಸಾಬ್‌ನೇ. "ನನ್ನ ಹೇಣ್ತಿ ಬಾಯಿಗೆ ಈ ಹುಡುಗಿ ಯಾಕ ಜುಲ್ಮಾನಿ ಕೊಡಬೇಕ್ರೀ?" ಅಂದ. ಅಲ್ಲಿಗೆ ಕಾಯ್ದೆ ಬದಲಾಯಿತು. ಎಲ್ಲಿಗೆ ಹೋಗುತ್ತೇನೆಂದು ಹೇಳಬಹುದು, ಏನು ಮಾಡುತ್ತೇನೆಂದು ಹೇಳುವಂತಿಲ್ಲ. ನನ್ನ ಹೊಟ್ಟೆಗೆ ಹಾಲು ಹಾಕಿದಂತಾಯಿತು. ಹಿರಿಯರಿಗೂ ಹೇಳಿ ಕಳಿಸಿದ್ದೇವೆ, ಚೀಟಿಗೀಟಿ ಏನೂ ಬೇಡ ಎಂದು. ಗದ್ದೆಪ್ಪಜ್ಜ ಕೇಳಿ ಕೆಮ್ಮು ಬರುವಷ್ಟು ನಕ್ಕನಂತೆ.

ಆದರೆ ನಿನ್ನ ಗಂಡ ಇನ್ನೂ ಬಾಯಿ ಬಿಟ್ಟಿಲ್ಲ. ಎಲ್ಲರೂ ಮಾತಾಡೋ ಮಾರಾಯಾ ಎಂದರೂ, ಬೀಗ ತೋರಿಸಿ ತಲೆ ಅಲ್ಲಾಡಿಸುತ್ತಾನೆ. ಒಡೆಯುತ್ತೇವೆಂದರೆ ಅಡ್ಡ ನಿಲ್ಲುತ್ತಾನೆ. ಅದರ ಕೀಲಿಕೈ ಎಲ್ಲಿದೆ ಎಂದು ನನಗೆ ಗೊತ್ತು. ಇಷ್ಟೆಲ್ಲ ಸಿಟ್ಟು ಮಾಡಿ ಮಸ್ಕಿಗೆ ಹೋದ ನೀನು ಅದನ್ನು ಕೊರಳಿನಿಂದ ತೆಗೆದಿಲ್ಲ ಎಂದು ಗ್ಯಾನಮ್ಮ ಹೇಳಿದ್ದಾಳೆ. ಮಂಗಳವಾರ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಸಭೆ ಇದೆ. ಬೆಳಗಿನ ಬಸ್ಸಿಗೆ ಬಾ. ಅವನು ಬಸ್ ನಿಲ್ದಾಣದಲ್ಲಿ ನಿಂತಿರುತ್ತಾನೆ, ಮೂಕನ ಹಾಗೆ. ನೀನೇ ಮೊದಲು ಮಾತಾಡಿಸಬೇಕು.

ನಿನ್ನನ್ನು ನೋಡದೆ ಸೊರಗಿದ,
ನಿನ್ನ ಅವ್ವ
ಆದೆಮ್ಮ

ತಾ.ಕ.: ಆ ಮೊಳೆಗೆ ನಿನ್ನೆಯಿಂದ ಎರಡು ಬೀಗ ತೂಗುತ್ತಿವೆ. ಎರಡನೆಯದು ನನ್ನ ಹಿಟ್ಟಿನ ಪೆಟ್ಟಿಗೆಯದು. ನಿಮ್ಮಪ್ಪನೇ ನನ್ನ ತುಟಿಗೆ ಮುಟ್ಟಿಸಿ ಒತ್ತಿದ. ಬಳೆ ದಾರಕ್ಕೆ ಹೇಗೆ ಏರುತ್ತದೆ ಎಂದು ನನಗೀಗ ಗೊತ್ತು. ನೀನು ಎಷ್ಟು ಕಾಡಿದರೂ ಹೇಳುವುದಿಲ್ಲ. ಗಾಳೆಪ್ಪ ಆಟ ತೋರಿಸುವಾಗ ಅವನ ಕೈ ನೋಡಬೇಡ, ಮುಖ ನೋಡು.